ನಗುವವರ ಪಿಸುಮಾತು

ಕಲಾಸಿಪಾಳ್ಯದಲ್ಲಿ ಬಸ್ಸಿಗೆ ಕಾಯುವಾಗ ಸಾಲಾಗಿ ನಿಂತ ವಾಹನಗಳ ಮುಂಭಾಗವನ್ನೊಮ್ಮೆ ನೋಡಿ ಸಹೋದರಿ. ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿದ ಸರ ತೂಗುತ್ತಿರುತ್ತದೆ. ಅದನ್ನು ಕಂಡು ನಗುವವರು ನಮ್ಮ ಮನೆಗಳಲ್ಲೂ ಇದ್ದಾರೆ. 'ಮಾಟವೂ ಇಲ್ಲ, ಮಂತ್ರವೂ ಇಲ್ಲ' ಎನ್ನುತ್ತಾರೆ. ಆದರೆ ವ್ಯಾಪಾರ ಕುಸಿಯಲಿ, ಮಗು ಎರಡು ದಿನ ಹಾಲು ಕುಡಿಯದಿರಲಿ, 'ಯಾರೋ ಏನೋ ಮಾಡಿಸಿದ್ದಾರೆ' ಎಂಬ ಪಿಸುಮಾತು ಹೊರಡುವುದು ಅದೇ ಬಾಯಿಂದ.

ಆ 'ಯಾರೋ' ಯಾರೆಂದು ಬಲ್ಲಿರಾ? ಎಷ್ಟೋ ಸಲ ಅದೇ ಮನೆಯ ಮಕ್ಕಳಿಲ್ಲದ ಓರಗಿತ್ತಿ. ಬಾಯಿಬಿಟ್ಟು ನಂಬುವವರೊಂದಿಗೆ ವಾದಿಸಬಹುದು. ಗುಟ್ಟಾಗಿ ನಂಬುವವರೆದುರು ಆಕೆ ಏನೆಂದು ಹೇಳಿಯಾಳು?

ಇಲ್ಲಿಗೆ ಸಮೀಪದ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬಾಳಿದ ಡಾ. ಎಚ್. ನರಸಿಂಹಯ್ಯನವರು ನಕ್ಕು ಸುಮ್ಮನಾಗಲಿಲ್ಲ, ಪರೀಕ್ಷಿಸೋಣ ಎಂದರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿಯನ್ನೇ ರಚಿಸಿದರು. ಮಾಟದ ಹೆಸರಿನ ಅಮಾನವೀಯ ಆಚರಣೆಗಳ ವಿರುದ್ಧ 2017ರಲ್ಲಿ ಅಂಗೀಕಾರವಾದ ರಾಜ್ಯದ ಕಾಯಿದೆ 2020ರಲ್ಲಿ ಜಾರಿಗೆ ಬಂತು. ಪಿಸುಮಾತಿಗೆ ಯಾವ ಕಾಯಿದೆ?

ಸಿಹ್ರ್ ಇದೆಯೆಂಬುದನ್ನು ಪವಿತ್ರ ಕುರ್‌ಆನ್ ಅಲ್ಲಗಳೆಯುವುದಿಲ್ಲ, ನಿಜ. ಆದರೆ ಅಲ್ಲಾಹನ ಅನುಮತಿಯಿಲ್ಲದೆ ಅದು ಯಾರಿಗೂ ಹಾನಿ ಮಾಡದೆಂದು ಅಲ್ ಬಕರ ಅಧ್ಯಾಯದಲ್ಲೇ ಇದೆ. ಗುಮಾನಿಗಳಿಂದ ದೂರವಿರಬೇಕೆಂದು ಅಲ್ ಹುಜುರಾತ್ ಅಧ್ಯಾಯ ಹೇಳುತ್ತದೆ. ಮೊದಲನೆಯದು ನಮಗೆ ನೆನಪಿರುತ್ತದೆ, ಉಳಿದೆರಡು ಮರೆತುಹೋಗುತ್ತವೆ!

ಮಗು ಹಾಲು ಬಿಟ್ಟಿತೇ? ಕಲಾಸಿಪಾಳ್ಯದಿಂದ ವಾಣಿವಿಲಾಸ ಆಸ್ಪತ್ರೆಗೆ ನಡೆದೇ ಹೋಗಬಹುದು. ಓರಗಿತ್ತಿಯನ್ನೂ ಜೊತೆಗೆ ಕರೆದುಕೊಳ್ಳಿ. ಮಗುವನ್ನು ಆಕೆಯೇ ಎತ್ತಿಕೊಳ್ಳಲಿ.