‘ಓಡಿಹೋದಳು’ ಎಂದವರು ಹುಡುಕಲಿಲ್ಲ

ಬಸ್ ನಿಲ್ದಾಣದಲ್ಲಿ ಮಹಿಳೆಯರ ಶೌಚಾಲಯ. ಒಳಗಿನಿಂದ ಚಿಲಕ ಹಾಕಿದ ಬಾಗಿಲು ಬಹಳ ಹೊತ್ತಾದರೂ ತೆರೆಯುವುದಿಲ್ಲ. ಒಡೆದು ನೋಡಿದರೆ ಒಳ್ಳೆಯ ಸೀರೆಯುಟ್ಟ ಯುವತಿಯ ಶವ. ಮೈಮೇಲೆ ಒಡವೆಯಿಲ್ಲ, ಬಳಿಯಲ್ಲಿ ಹೆಸರು ವಿಳಾಸದ ಚೀಟಿಯಿಲ್ಲ. ಪೊಲೀಸರು ಬಂದು ಅಸಹಜ ಸಾವು ಎಂದು ಬರೆದುಕೊಳ್ಳುತ್ತಾರೆ. 2009ಕ್ಕೆ ಹಿಂದಿನ ಐದಾರು ವರ್ಷಗಳಲ್ಲಿ ಮೈಸೂರು, ಬೆಂಗಳೂರು, ಹಾಸನ, ಮಡಿಕೇರಿಯಂತಹ ಊರುಗಳಲ್ಲಿ ಇದೇ ದೃಶ್ಯ ಮತ್ತೆ ಮತ್ತೆ ಕಂಡಿತು. ಒಂದು ಊರಿನ ಶವವನ್ನು ಇನ್ನೊಂದು ಊರಿನ ಶವದೊಂದಿಗೆ ಯಾರೂ ಹೋಲಿಸಿ ನೋಡಲಿಲ್ಲ.

ಅದೇ ಕಾಲದಲ್ಲಿ ದಕ್ಷಿಣ ಕನ್ನಡ ಮತ್ತು ಸುತ್ತಲಿನ ಪ್ರದೇಶದ ಹಲವು ಬಡ ಮನೆಗಳಿಂದ ಹೆಣ್ಣುಮಕ್ಕಳು ಕಾಣೆಯಾಗಿದ್ದರು. ಯಾರನ್ನೋ ಮದುವೆಯಾಗಿ ಎಲ್ಲೋ ಸುಖವಾಗಿರಬಹುದು ಎಂದು ಕೆಲವರು ನಂಬಿದರು. ಮಾನ ಹೋಯಿತೆಂದು ಇನ್ನು ಕೆಲವರು ಬಾಯಿ ಮುಚ್ಚಿಕೊಂಡರು. ಹೀಗೆ ಮನೆಯಲ್ಲಿ ಇಲ್ಲದ ಮಗಳು ಒಂದು ಕಡೆ, ಹೆಸರಿಲ್ಲದ ಶವ ಇನ್ನೊಂದು ಕಡೆ. ಇವೆರಡನ್ನೂ ಜೋಡಿಸುವ ಒಂದು ಹಾಳೆ ಕಾಗದ ನಡುವೆ ಇರಲಿಲ್ಲ.

ಕರಾವಳಿಯ ಪ್ರಕರಣ ಯಾದಗಿರಿ ಜಿಲ್ಲೆಯ ಸಹೋದರಿಯರಿಗೇಕೆ ಎಂದು ಕೇಳಬಹುದು. ಶಹಾಪುರದಲ್ಲೋ ಸುರಪುರದಲ್ಲೋ ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಇಳಿಯುವುದು ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ. ಆ ಶವಗಳಲ್ಲಿ ಕೆಲವು ಸಿಕ್ಕಿದ್ದು ಅದೇ ನಿಲ್ದಾಣದಲ್ಲಿ. ಗುಳೇ ಹೋಗುವ ಕುಟುಂಬಗಳು ನಮ್ಮಲ್ಲಿ ಕಡಿಮೆಯೇ? ಮಗಳು ಸಂಜೆ ಮನೆಗೆ ಬರದಿದ್ದರೆ ನಮ್ಮ ಮೊಹಲ್ಲಾಗಳಲ್ಲಿ ಮೊದಲು ಕೇಳಿಸುವ ಮಾತು ‘ಹುಡುಕೋಣ ಬನ್ನಿ’ ಎಂದಲ್ಲ, ‘ಯಾರೊಂದಿಗೆ?’ ಎಂದು.

2009ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ 22 ವರ್ಷದ ಯುವತಿಯೊಬ್ಬಳು ಕಾಣೆಯಾದಾಗ ಆದದ್ದೂ ಇದೇ. ಆಕೆ ಮುಸ್ಲಿಮ್ ಯುವಕನ ಜೊತೆ ಓಡಿಹೋದಳೆಂಬ ಗಾಳಿಸುದ್ದಿ ಹಬ್ಬಿತು. ಜನ ಠಾಣೆಗೆ ಮುತ್ತಿಗೆ ಹಾಕಿದರು, ಬೆಂಕಿ ಹಚ್ಚುವ ಬೆದರಿಕೆಯೂ ಬಂತು. ಆ ಹೊತ್ತಿಗೆ ಆಕೆ ಜೀವಂತವಾಗಿರಲೇ ಇಲ್ಲ. ಹಾಸನದ ಬಸ್ ನಿಲ್ದಾಣದಲ್ಲಿ ಆಕೆಯ ಉಸಿರು ನಿಂತಿತ್ತು.

ಒತ್ತಡಕ್ಕೆ ಸಿಕ್ಕ ಪೊಲೀಸರು ಆಕೆಯ ಫೋನ್ ಕರೆಗಳ ಪಟ್ಟಿ ತರಿಸಿದರು. ಅದರಲ್ಲಿದ್ದ ಒಂದು ನಂಬರ್ ಇನ್ನೊಬ್ಬ ಯುವತಿಯದು. ವಿಚಾರಿಸಿದರೆ ಅವಳೂ ಕಾಣೆಯಾಗಿದ್ದಾಳೆ. ಅವಳ ಕರೆಗಳ ಜಾಡು ಹಿಡಿದರೆ ಮತ್ತೊಬ್ಬಳು, ಅವಳೂ ಇಲ್ಲ. ಸತ್ತವಳ ಫೋನಿನಿಂದಲೇ ಮುಂದಿನವಳಿಗೆ ಕರೆ ಹೋಗುತ್ತಿತ್ತು. ಕೊನೆಗೆ ಅಂತಹ ಒಂದು ಫೋನ್ ಮಂಗಳೂರಿನ ಸಮೀಪ ಬಳಕೆಯಲ್ಲಿರುವುದು ಗೊತ್ತಾಯಿತು. ಅದನ್ನು ಬಳಸುತ್ತಿದ್ದ ಹುಡುಗ, ಇದನ್ನು ನಮ್ಮ ಮಾವ ಕೊಟ್ಟದ್ದು ಎಂದ. ಆ ಮಾವನೇ ಮೋಹನ್ ಕುಮಾರ್. 2009ರ ಅಕ್ಟೋಬರ್ 21ರಂದು ಅವನ ಬಂಧನವಾಯಿತು. 20 ಯುವತಿಯರ ಕೊಲೆಯ ಆರೋಪ ಅವನ ಮೇಲೆ ಬಂತು. ಪತ್ರಿಕೆಗಳು ಅವನನ್ನು ‘ಸೈನೈಡ್ ಮೋಹನ’ ಎಂದು ಕರೆದವು.

ಅವನು ಹಿಂದೆ ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದವನು. ಪಾಠ ಹೇಳುವ ಕೆಲಸದಲ್ಲೇ ಇಪ್ಪತ್ತು ವರ್ಷ ಕಳೆದ ನನಗೆ ಈ ಸಂಗತಿ ಓದಿದಾಗ ಮೈ ಜುಮ್ಮೆಂದಿತ್ತು. ಅವನ ಉಪಾಯದಲ್ಲಿ ಜಾಣತನವೇನೂ ಇರಲಿಲ್ಲ, ನಮ್ಮ ಸಮಾಜದ ಹುಣ್ಣು ಎಲ್ಲಿದೆ ಎಂಬುದು ಮಾತ್ರ ಗೊತ್ತಿತ್ತು. ವರದಕ್ಷಿಣೆ ಕೊಡಲಾಗದೆ ಮದುವೆ ತಡವಾದ ಹುಡುಗಿಯರನ್ನೇ ಆರಿಸುತ್ತಿದ್ದ. ಸರಕಾರಿ ನೌಕರಿಯಿದೆ, ನಿಮ್ಮ ಜಾತಿಯವನೇ, ಏನೂ ಕೊಡಬೇಕಿಲ್ಲ ಎನ್ನುತ್ತಿದ್ದ. ಮದುವೆಯ ನೆಪದಲ್ಲಿ ದೂರದ ಊರಿನ ವಸತಿಗೃಹಕ್ಕೆ ಕರೆದೊಯ್ದು, ಮರುದಿನ ಒಡವೆಗಳನ್ನು ಕೋಣೆಯಲ್ಲೇ ಬಿಡಿಸಿ, ಬಸ್ ನಿಲ್ದಾಣಕ್ಕೆ ತಂದು ಗರ್ಭನಿರೋಧಕ ಎಂದು ಗುಳಿಗೆ ಕೊಡುತ್ತಿದ್ದ. ವಾಂತಿ ಬರಬಹುದು, ಶೌಚಾಲಯದಲ್ಲಿ ತೆಗೆದುಕೊ ಎನ್ನುತ್ತಿದ್ದ. ಅದರಲ್ಲಿ ಇದ್ದದ್ದು ಸೈನೈಡ್. ನಮ್ಮಲ್ಲಿ ‘ಜೋಡೇ ಕೀ ರಖಮ್’ ಎಂಬ ಹೆಸರಿನಲ್ಲಿ ಕೇಳುವುದು ಇದೇ ವರದಕ್ಷಿಣೆಯನ್ನಲ್ಲವೇ? ಹೆಣ್ಣಿಗೆ ಮೆಹರ್ ಕೊಡಬೇಕಾದ ಗಂಡು ಕೈಚಾಚಿ ನಿಂತರೆ, ‘ಏನೂ ಬೇಡ’ ಎಂದು ಬರುವ ಅಪರಿಚಿತ ದೇವದೂತನಂತೆ ಕಾಣದೆ ಇನ್ನೇನು?

2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ಮೂರು ಪ್ರಕರಣಗಳಲ್ಲಿ ಅವನಿಗೆ ಮರಣದಂಡನೆ ವಿಧಿಸಿತು. ಬಂಟ್ವಾಳದ ಯುವತಿಯ ಪ್ರಕರಣದಲ್ಲಿ 2017ರಲ್ಲಿ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. ಇಪ್ಪತ್ತನೆಯ ಪ್ರಕರಣದ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ.

ಗಾಳಿಸುದ್ದಿಗೆ ಮಾತ್ರ ಯಾವ ನ್ಯಾಯಾಲಯದಲ್ಲೂ ವಿಚಾರಣೆಯಾಗಲಿಲ್ಲ. ಅದೇ 2009ರಲ್ಲಿ ಬೇರೊಂದು ಪ್ರಕರಣದಲ್ಲಿ ಹೈಕೋರ್ಟ್ ಆದೇಶದಂತೆ ‘ಲವ್ ಜಿಹಾದ್’ ಆರೋಪದ ತನಿಖೆ ನಡೆಯಿತು. ಅಂತಹ ಸಂಘಟಿತ ಕೃತ್ಯಕ್ಕೆ ಸಿಐಡಿಗೆ ಆಧಾರ ಸಿಗಲಿಲ್ಲ. ಹಾಗೆಂದು ನಾವು ನಿರಾಳವಾಗುವುದು ಬೇಡ. ಶೀಲವಂತ ಸ್ತ್ರೀಯ ಮೇಲೆ ಆರೋಪ ಹೊರಿಸುವವನಿಂದ ನಾಲ್ಕು ಸಾಕ್ಷಿಗಳನ್ನು ಕೇಳುವ ಸೂರಃ ಅನ್ನೂರ್ ಅನ್ನು ಓದುವ ನಮ್ಮ ಮನೆಗಳಲ್ಲೇ ಪಕ್ಕದ ಮನೆಯ ಹುಡುಗಿಯ ಬಗ್ಗೆ ಒಂದೂ ಸಾಕ್ಷಿಯಿಲ್ಲದೆ ತೀರ್ಪು ಆಗುತ್ತದೆ. ಆ ತೀರ್ಪಿಗೆ ಹೆದರಿದ ತಾಯಿ ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಯುತ್ತಾಳೆ.

ಮನೆಯವರು ತಡಮಾಡದಿದ್ದರೂ ಕೆಲವೊಮ್ಮೆ ನ್ಯಾಯ ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. 2012ರ ಅಕ್ಟೋಬರ್ 9ರಂದು ಉಜಿರೆಯ ಕಾಲೇಜಿನಿಂದ ಮನೆಗೆ ಹೊರಟ 17ರ ವಿದ್ಯಾರ್ಥಿನಿ ದಾರಿಯಲ್ಲಿ ಕಾಣೆಯಾದಳು. ಮನೆಯವರು, ಊರವರು ರಾತ್ರಿಯಿಡೀ ಹುಡುಕಿದರು. ಮರುದಿನ ಧರ್ಮಸ್ಥಳದ ಬಳಿ ಕಾಡಿನಲ್ಲಿ ಶವ ಸಿಕ್ಕಿತು. ಸ್ಥಳೀಯ ಪೊಲೀಸರಿಂದ ಸಿಐಡಿಗೆ, ಅಲ್ಲಿಂದ ಸಿಬಿಐಗೆ ತನಿಖೆ ಹೋಯಿತು. 2023ರ ಜೂನ್‌ನಲ್ಲಿ ವಿಶೇಷ ನ್ಯಾಯಾಲಯ ಏಕೈಕ ಆರೋಪಿಯನ್ನು ಬಿಡುಗಡೆ ಮಾಡಿತು. ಮೊದಲ ದಿನಗಳ ತನಿಖೆಯಲ್ಲೇ ಲೋಪಗಳಾಗಿದ್ದವು. ಕೊಂದವರು ಯಾರೆಂಬ ಪ್ರಶ್ನೆಗೆ ಆ ತೀರ್ಪಿನಲ್ಲಿ ಉತ್ತರವಿಲ್ಲ. ಮೊದಲ ಕೆಲವು ಗಂಟೆಗಳಲ್ಲಿ ಕಳೆದುಹೋದ ಸಾಕ್ಷ್ಯವನ್ನು ಹತ್ತು ವರ್ಷಗಳ ತನಿಖೆಯೂ ಮರಳಿ ತರಲಾರದು.

ಆದ್ದರಿಂದ ‘24 ಗಂಟೆ ಕಾಯಿರಿ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಅಂತಹ ನಿಯಮ ಕಾನೂನಿನಲ್ಲಿಲ್ಲ. 18 ವರ್ಷದೊಳಗಿನವರು ಕಾಣೆಯಾದರೆ ಅಪಹರಣವೆಂದೇ ಭಾವಿಸಿ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಸುರಪುರದ ಮಗಳು ಬೆಂಗಳೂರಿನಲ್ಲಿ ಅಪಾಯಕ್ಕೆ ಸಿಲುಕಿದರೆ ಸುರಪುರದ ಠಾಣೆಯೇ ಅದನ್ನು ಬರೆದುಕೊಂಡು ಅಲ್ಲಿಗೆ ಕಳಿಸಬೇಕು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೇಳಿ ಪಡೆಯಿರಿ. ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098. ಇತ್ತೀಚಿನ ಫೋಟೊ, ಅಂದು ಉಟ್ಟಿದ್ದ ಬಟ್ಟೆ, ಮೈಮೇಲಿದ್ದ ಒಡವೆ, ಮಚ್ಚೆಯ ಗುರುತು, ಎಲ್ಲವನ್ನೂ ದೂರಿನಲ್ಲಿ ಬರೆಸಿ. ಮಗಳ ಫೋನಿನ ಡಬ್ಬಿಯನ್ನು ರದ್ದಿಗೆ ಹಾಕಬೇಡಿ. ಅದರ ಮೇಲೆ ಹದಿನೈದು ಅಂಕಿಗಳ ಐಎಂಇಐ ಸಂಖ್ಯೆ ಇರುತ್ತದೆ. ಸಿಮ್ ಬದಲಾಯಿಸಿದರೂ ಫೋನ್ ಎಲ್ಲಿದೆಯೆಂದು ಹುಡುಕಲು ಪೊಲೀಸರಿಗೆ ಅದು ಬೇಕಾಗುತ್ತದೆ.