ಡಿಆರ್‌ಡಿ2 ಜೀನ್ ಮತ್ತು ಒಬ್ಬ ವಿದ್ಯಾರ್ಥಿಯ ಪ್ರಶ್ನೆ

ಬೋಧನಾಭ್ಯಾಸದಲ್ಲಿ ಹತ್ತನೇ ತರಗತಿಗೆ ಅನುವಂಶೀಯತೆ ಪಾಠ ಮಾಡುವಾಗ ಡಿಆರ್‌ಡಿ2 ಜೀನನ್ನು ಉದಾಹರಣೆಯಾಗಿ ಕೊಟ್ಟೆ. 11ನೇ ವರ್ಣತಂತುವಿನಲ್ಲಿರುವ ಈ ಜೀನಿನ ಸೂಚನೆಯಂತೆ ಡೋಪಮೈನ್ ಗ್ರಾಹಕವೆಂಬ ಪ್ರೋಟೀನ್ ತಯಾರಾಗುತ್ತದೆ. ಅದು ಮೆದುಳಿನ ನರಕೋಶದ ಪೊರೆಯನ್ನು ಏಳು ಬಾರಿ ಹಾದುಹೋಗಿರುತ್ತದೆ. ಹೊರಗಿನಿಂದ ಡೋಪಮೈನ್ ಬಂದು ಕೂತರೆ ಕೋಶದೊಳಗೆ ಸಂಕೇತ ರವಾನೆಯಾಗುತ್ತದೆ. ಕುತೂಹಲ ಹುಟ್ಟಿಸಲೆಂದು ‘ಕುಡಿತದ ಚಟಕ್ಕೂ ಇದಕ್ಕೂ ನಂಟಿದೆ’ ಎಂದುಬಿಟ್ಟೆ.

ಪಾಠ ಮುಗಿದ ಮೇಲೆ ಒಬ್ಬ ಹುಡುಗ ಬಂದು ಮೆಲ್ಲಗೆ, ‘ಸಾರ್, ಅಪ್ಪ ಕುಡೀತಾರೆ. ಆ ಜೀನ್ ನನ್ನಲ್ಲೂ ಇದೆಯಾ?’ ಎಂದ. ನನಗೆ ಉತ್ತರ ಹೊಳೆಯಲಿಲ್ಲ.

ಅಂದು ರಾತ್ರಿ ಓದಿದೆ. 1990ರಲ್ಲಿ ಈ ಜೀನನ್ನು ಮದ್ಯವ್ಯಸನಕ್ಕೆ ಜೋಡಿಸಿದ ವರದಿ ಬಂದದ್ದು ನಿಜ. ನಂತರದ ಅಧ್ಯಯನಗಳ ಫಲಿತಾಂಶ ಒಂದೇ ರೀತಿ ಇರಲಿಲ್ಲ. ಅಲ್ಲದೆ, ಅಂದು ಗುರುತಿಸಿದ ವ್ಯತ್ಯಾಸ ಇರುವುದು ಪಕ್ಕದ ಎಎನ್‌ಕೆಕೆ1 ಜೀನಿನಲ್ಲಿ ಎಂದು ಆಮೇಲೆ ತಿಳಿಯಿತು.

ಮರುದಿನ ಯಾರ ಹೆಸರೂ ಎತ್ತದೆ ತರಗತಿಗೆ ಹೇಳಿದೆ: ‘ಡಿಆರ್‌ಡಿ2 ನಮ್ಮೆಲ್ಲರಲ್ಲೂ ಇದೆ, ನನ್ನಲ್ಲೂ. ಚಲನೆಗೆ, ಕಲಿಕೆಗೆ ಅದು ಬೇಕು. ಕುಡಿತದ ಚಟದಲ್ಲಿ ಅನುವಂಶೀಯತೆಯ ಪಾಲಿದೆ; ಆದರೆ ಅಲ್ಲಿ ಹಲವು ಜೀನ್‌ಗಳ ಜೊತೆ ಮನೆ, ಸಹವಾಸ, ಪರಿಸ್ಥಿತಿ ಎಲ್ಲವೂ ಸೇರುತ್ತವೆ. ಒಂದೇ ಜೀನ್ ಯಾರ ಹಣೆಬರಹವನ್ನೂ ಬರೆಯುವುದಿಲ್ಲ.’

ಪಾಠಯೋಜನೆಯಲ್ಲಿ ‘ನಂಟಿದೆ’ ಎಂಬ ಸಾಲನ್ನು ಹೊಡೆದುಹಾಕಿ, ಈ ಉತ್ತರವನ್ನೇ ಬರೆದುಕೊಂಡಿದ್ದೇನೆ.