ನಿಮಗಿದು ಗೊತ್ತೇ? ಸಿಂಧನೂರು, ಮಸ್ಕಿ, ಲಿಂಗಸುಗೂರಿನ ದಾರಿಯಲ್ಲಿ ಫೋಟೊದವರು

ಮೇ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟ್ 8-9ರ ಸುಮಾರಿಗೆ ಇನ್ನೊಮ್ಮೆ, ಸಿಂಧನೂರು, ಮಸ್ಕಿ, ಲಿಂಗಸುಗೂರಿನಲ್ಲಿ ನೆಟ್ಟಗೆ ನಿಂತವರಿಗೆ ನಡುಮಧ್ಯಾಹ್ನ ನೆರಳೇ ಬೀಳುವುದಿಲ್ಲ. ಮೂರೂ ಊರು 15.7ರಿಂದ 16.2 ಡಿಗ್ರಿ ಉತ್ತರ ಅಕ್ಷಾಂಶದೊಳಗಿವೆ. ಆ ದಿನಗಳಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಮೇ ತಿಂಗಳಲ್ಲಿ ಆ ಗಳಿಗೆ ಗಡಿಯಾರದ ಪ್ರಕಾರ 12 ಗಂಟೆ 20 ನಿಮಿಷದ ಆಸುಪಾಸು.

ಈಗ ಈ ಭಾಗದ ಯಾವುದಾದರೂ ಲಗ್ನಪತ್ರಿಕೆ ತೆರೆದು ನೋಡಿ. ‘ಮಧ್ಯಾಹ್ನ 12-30ರ ಅಭಿಜಿನ್ ಲಗ್ನ’ ಎಂದು ಎಷ್ಟೋ ಪತ್ರಿಕೆಗಳಲ್ಲಿ ಅಚ್ಚಾಗಿರುತ್ತದೆ. ಸೂರ್ಯ ನೆತ್ತಿಗೇರುವ ಕ್ಷಣದ ಹಿಂದೆ 24 ನಿಮಿಷ, ಮುಂದೆ 24 ನಿಮಿಷ, ಅದೇ ಅಭಿಜಿನ್ ಮುಹೂರ್ತ. ಪಂಚಾಂಗಕ್ಕೆ ಅತ್ಯುತ್ತಮವಾದ ಈ ಹೊತ್ತು ಮುಖದ ಚಿತ್ರಕ್ಕೆ ಅತ್ಯಂತ ಕೆಟ್ಟದ್ದು. ಕಣ್ಣಿನ ಗುಳಿ ಕಪ್ಪಾಗುತ್ತದೆ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ, ಬಾಸಿಂಗದ ಕೆಳಗೆ ಮದುಮಗನ ಹಣೆಯೇ ಕಾಣುವುದಿಲ್ಲ. ಅನುಭವಸ್ಥ ಫೋಟೊಗ್ರಾಫರ್ ಜೋಡಿಯ ಭಾವಚಿತ್ರವನ್ನು ಬೆಳಿಗ್ಗೆ ಎಂಟರೊಳಗೆ ಮುಗಿಸಲು ಒದ್ದಾಡುವುದು ಅಥವಾ ಸಂಜೆ ಐದರ ನಂತರಕ್ಕೆ ದೂಡುವುದು ಈ ಕಾರಣಕ್ಕೆ. ಬೀಗರು ಅದನ್ನು ಆತುರ ಎಂದುಕೊಳ್ಳುತ್ತಾರೆ.

ಹಂದರದ ಬಟ್ಟೆಯ ಬಣ್ಣ ಮುಖಕ್ಕೆ ಹತ್ತುತ್ತದೆ. ಕೆಂಪು ಶಾಮಿಯಾನದ ಕೆಳಗೆ ಎಲ್ಲರೂ ಕೆಂಪು, ಹಳದಿಯ ಕೆಳಗೆ ಎಲ್ಲರೂ ಹಳದಿ. ಒಂದು ಮಗ್ಗುಲಿನಿಂದ ಹೊರಗಿನ ಬಿಸಿಲೂ ನುಗ್ಗಿದರೆ ಮುಖದ ಅರ್ಧಕ್ಕೊಂದು ಬಣ್ಣ, ಇನ್ನರ್ಧಕ್ಕೊಂದು ಬಣ್ಣ. ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡುವುದು ಬಲು ಕಷ್ಟ. ಬಿಳಿ ಬಟ್ಟೆಯ ಹಂದರವಾದರೆ ಮೇಲಿನ ಉರಿಬಿಸಿಲೇ ಸೋಸಿ ಮೆತ್ತಗೆ ಇಳಿಯುತ್ತದೆ, ಸ್ಟುಡಿಯೋದ ಸಾಫ್ಟ್‌ಬಾಕ್ಸ್ ಮಾಡುವ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತದೆ. ಮನೆಯಲ್ಲಿ ಲಗ್ನ ಇದ್ದವರು ಶಾಮಿಯಾನದವರಿಗೆ ಈ ಒಂದು ಮಾತು ಹೇಳಿದರೆ ಇಡೀ ಆಲ್ಬಮ್ ಬದಲಾಗುತ್ತದೆ.

ಸಿಂಧನೂರಿನ ಫೋಟೊಗ್ರಾಫರ್ ಒಂದೇ ಹಂಗಾಮಿನಲ್ಲಿ ಹಲವು ಬಗೆಯ ಮುಹೂರ್ತಗಳನ್ನು ಅರಿತಿರಬೇಕು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳು ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ನೆಲೆ ನಿಂತವು. ಸ್ಥಳೀಯ ಕನ್ನಡ ಮನೆಗಳಲ್ಲಿ ಎಲ್ಲರೂ ಕಾಯುವುದು ಅಕ್ಕಿಕಾಳು ಬೀಳುವ ಕ್ಷಣಕ್ಕೆ. ತೆಲುಗರಲ್ಲಿ ಜೀರಿಗೆ-ಬೆಲ್ಲವನ್ನು ಒಬ್ಬರ ತಲೆಯ ಮೇಲೊಬ್ಬರು ಇಡುವ ಗಳಿಗೆಯೇ ಮುಹೂರ್ತ, ತಾಳಿ ಆಮೇಲೆ. ತಾಳಿಗೇ ಕಣ್ಣಿಟ್ಟು ನಿಂತವನಿಗೆ ಮುಖ್ಯ ಚಿತ್ರವೇ ತಪ್ಪಿಹೋಗುತ್ತದೆ. ಬಂಗಾಳಿ ಮದುವೆಗಳು ಹೆಚ್ಚಾಗಿ ರಾತ್ರಿ ನಡೆಯುತ್ತವೆ. ಅಲ್ಲಿ ಮದುಮಗಳು ಎರಡು ವೀಳ್ಯದೆಲೆಗಳಿಂದ ಮುಖ ಮುಚ್ಚಿಕೊಂಡು ಬರುತ್ತಾಳೆ, ಎಲೆ ಸರಿಸಿ ಮದುಮಗನನ್ನು ನೋಡುವ ಆ ‘ಶುಭದೃಷ್ಟಿ’ಯನ್ನು ಇನ್ನೊಮ್ಮೆ ಮಾಡಿ ಎಂದು ಕೇಳುವಂತಿಲ್ಲ. ನಿಕಾಹ್‌ನಲ್ಲಿ ಮದುಮಗನ ಒಪ್ಪಿಗೆ ಒಂದು ಕಡೆ, ಮದುಮಗಳ ಒಪ್ಪಿಗೆ ಹೆಂಗಸರ ನಡುವೆ ಇನ್ನೊಂದು ಕಡೆ. ಎರಡಕ್ಕೂ ಒಬ್ಬನೇ ಓಡಿದರೆ ಸಾಲದು. ಇಷ್ಟೆಲ್ಲ ಯಾವ ಕ್ಯಾಮೆರಾ ಪುಸ್ತಕದಲ್ಲೂ ಬರೆದಿಲ್ಲ. ಈ ಊರಿನ ಫೋಟೊದವರು ಅದನ್ನು ಮನೆಮನೆಯ ಪಡಸಾಲೆಯಲ್ಲಿ ನಿಂತೇ ಕಲಿತದ್ದು. ಅವರ ಕಸುಬಿನ ದೊಡ್ಡ ಆಸ್ತಿ ಅದೇ ಎಂದು ನನ್ನ ನಂಬಿಕೆ.

ಅಂದಹಾಗೆ, ಅಕ್ಕಿಕಾಳು ಗಾಳಿಯಲ್ಲಿರುವಾಗ ಕ್ಯಾಮೆರಾ ಎಷ್ಟೋ ಸಲ ಮುಖ ಬಿಟ್ಟು ಕಾಳಿನ ಮೇಲೆ ಫೋಕಸ್ ಮಾಡಿಬಿಡುತ್ತದೆ. ಅದಕ್ಕೇ ಮುಂಚೆಯೇ ಕಣ್ಣಿನ ಮೇಲೆ ಫೋಕಸ್ ಹಿಡಿದು ಕೂರುತ್ತಾರೆ. ಕಾಳು ಕಾಳಾಗಿಯೇ ನಿಲ್ಲಬೇಕಾದರೆ ಶಟರ್ ಸೆಕೆಂಡಿನ 500ನೇ ಒಂದು ಪಾಲಿನಷ್ಟಾದರೂ ಚುರುಕಾಗಿರಬೇಕು.

ಹದಿನೆಂಟು ಮಂದಿಯ ಮನೆತನದ ಗ್ರೂಪ್ ಫೋಟೊದಲ್ಲಿ ಎಲ್ಲರ ಕಣ್ಣೂ ತೆರೆದಿರಬೇಕಾದರೆ ಎಷ್ಟು ಸಲ ತೆಗೆಯಬೇಕು? ಬೆಳಕು ಚೆನ್ನಾಗಿದ್ದರೆ 6, ಕಡಿಮೆಯಿದ್ದರೆ 9. ಮಂದಿ ಇಪ್ಪತ್ತಕ್ಕಿಂತ ಕಡಿಮೆ ಇದ್ದಾಗ ಅವರ ಸಂಖ್ಯೆಯನ್ನು ಮೂರರಿಂದ ಅಥವಾ ಎರಡರಿಂದ ಭಾಗಿಸುವ ಈ ಲೆಕ್ಕ ಆಸ್ಟ್ರೇಲಿಯಾದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಅವರದು. 2006ರ ಇಗ್ ನೊಬೆಲ್ ಗಣಿತ ಬಹುಮಾನ ಇದಕ್ಕೇ ಸಂದಿತು. ‘ಇನ್ನೊಂದ ಸಲ ನೋಡ್ರಿ ಯಕ್ಕಾ’ ಎಂದು ಫೋಟೊದವರು ಮತ್ತೆ ಮತ್ತೆ ನಿಲ್ಲಿಸಿದರೆ ಬೇಸರಪಡಬೇಡಿ.

ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರಿದೆ, ಕನಗನಹಳ್ಳಿಯ ಕಲ್ಲಿನಲ್ಲಿ ಅವನ ಮುಖವಿದೆ! 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಕಂಡ ಮಸ್ಕಿ ಶಾಸನದಿಂದಲೇ ಬೇರೆ ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದು ಖಚಿತವಾದದ್ದು. ಕಲಬುರಗಿ ಜಿಲ್ಲೆಯ ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ ಸಿಕ್ಕ ಶಿಲ್ಪಫಲಕದಲ್ಲಿ ರಾಣಿ, ಪರಿಚಾರಕಿಯರೊಂದಿಗೆ ನಿಂತ ದೊರೆಯ ಚಿತ್ರವಿದೆ, ‘ರಾಯೋ ಅಸೋಕೋ’ ಎಂಬ ಬ್ರಾಹ್ಮಿ ಬರಹವೂ ಇದೆ.

ಶಾಸನದ ಅಕ್ಷರ ಓದಲು ಬೇಕಾದ ಬೆಳಕು ಮಗ್ಗುಲಿನಿಂದ ತಗ್ಗಾಗಿ ಬೀಳುವ ಬೆಳಕು. ತೆಳುವಾಗಿ ಕೊರೆದ ಗೆರೆಯೂ ಅದರಲ್ಲಿ ಎದ್ದು ಕಾಣುತ್ತದೆ. ಮುಖಕ್ಕೂ ಅದೇ ನಿಯಮ. ಎಂಬತ್ತರ ಅಜ್ಜನ ಸುಕ್ಕು ಸುಕ್ಕಾಗಿ ಕಾಣಬೇಕೆಂದರೆ ಬೆಳಕು ಮಗ್ಗುಲಿಗೆ, ಬೇಡವೆಂದರೆ ಎದುರಿಗೆ. ನನಗಂತೂ ಸುಕ್ಕು ಇದ್ದ ಮುಖವೇ ಇಷ್ಟ.

ರಾಯಚೂರು ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಲಿಂಗಸುಗೂರು 1905ರವರೆಗೆ ತಾನೇ ಒಂದು ಜಿಲ್ಲೆ. ಆ ಕಾಲಕ್ಕೆ ಆರನೇ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದವರು ಲಾಲಾ ದೀನ್ ದಯಾಳ್ (1844-1905). ಪರದೆಯಲ್ಲಿರುವ ಹೆಂಗಸರ ಭಾವಚಿತ್ರಕ್ಕೆಂದೇ ಅವರು 1892ರಲ್ಲಿ ಹೈದರಾಬಾದಿನಲ್ಲಿ ಬೇರೆ ಸ್ಟುಡಿಯೋ ತೆರೆದು, ಅದನ್ನು ಶ್ರೀಮತಿ ಕೆನ್ನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆಯ ಕೈಗೆ ಒಪ್ಪಿಸಿದ್ದರು. ಹೆಂಗಸರ ನಡುವೆ ನಿಂತು ಚಿತ್ರ ತೆಗೆಯಲು ಹೆಂಗಸರೇ ಬೇಕು ಎಂಬ ಆ ವಿವೇಕ ಇವತ್ತಿನ ಹಳ್ಳಿಯ ಪಡಸಾಲೆಗೂ ಸಲ್ಲುತ್ತದೆ. ನಮ್ಮ ಹೆಣ್ಣುಮಕ್ಕಳು ಇನ್ನೂ ಹೆಚ್ಚಾಗಿ ಈ ಕಸುಬಿಗೆ ಬರಲಿ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಸಿಗುವ ಚಿನ್ನಕ್ಕೂ ಹಳೆಯ ಫೋಟೊಗೂ ನಂಟಿದೆ. 1840ರಲ್ಲೇ ಫ್ರಾನ್ಸಿನ ಫಿಜೊ ಎಂಬ ವಿಜ್ಞಾನಿ ಚಿತ್ರ ಅಳಿಸಿಹೋಗದಂತೆ ಚಿನ್ನದ ಕ್ಲೋರೈಡ್ ದ್ರಾವಣ ಬಳಸುವುದನ್ನು ತೋರಿಸಿದರು. ಮೊಟ್ಟೆಯ ಬಿಳಿಲೋಳೆ ಸವರಿದ ಕಾಗದದ ಕಾಲದಲ್ಲೂ ಪ್ರಿಂಟುಗಳನ್ನು ಚಿನ್ನದ ದ್ರಾವಣದಲ್ಲಿ ತೊಳೆಯುತ್ತಿದ್ದರು. ಹಳೆಯ ಪ್ರಿಂಟುಗಳಿಗೆ ಆ ನೇರಳೆ ಮಿಶ್ರಿತ ಕಂದು ಬಣ್ಣ ಬಂದದ್ದು ಅದರಿಂದಲೇ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಛಾಯಾಗ್ರಾಹಕ ಹಂಪಿಯನ್ನು ಚಿತ್ರಿಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್ ಮೇಲೆ. ಒದ್ದೆ ಗಾಜಿನ ಪದ್ಧತಿಯಲ್ಲಾದರೆ ಗಾಜಿನ ಹಲಗೆಗೆ ದ್ರಾವಣ ಸವರಿ, ಅದು ಆರುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಿತ್ತು. ಅಂದರೆ ಕತ್ತಲೆಕೋಣೆಯೇ ಡೇರೆಯಾಗಿ ಹಿಂದೆ ಬರಬೇಕು. ನಮ್ಮ ಬಿಸಿಲಿಗೆ ಮೇಣದ ಕಾಗದವೇ ಲೇಸು.

ಬಹುಪಾಲು ಕ್ಯಾಮೆರಾ ಕಂಪನಿಗಳು ತಮ್ಮ ಕ್ಯಾಮೆರಾ ಕೆಲಸ ಮಾಡುವ ಉಷ್ಣಾಂಶವನ್ನು 0ಯಿಂದ 40 ಡಿಗ್ರಿ ಎಂದು ಬರೆಯುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಜಿಲ್ಲೆ ಆ ಗೆರೆಯನ್ನು ದಾಟುತ್ತಲೇ ಇರುತ್ತದೆ. ನಿಲ್ಲಿಸಿದ ಕಾರಿನೊಳಗೆ ಬಿಸಿ ಇನ್ನೂ ಹೆಚ್ಚು. ಬ್ಯಾಟರಿ, ಮೆಮೊರಿ ಕಾರ್ಡನ್ನು ಡಿಕ್ಕಿಯಲ್ಲಿ ಬಿಟ್ಟು ಊಟಕ್ಕೆ ಹೋಗಬಾರದು.

ಹಸಿರು ನೆಲ್ಲಿನ ಗದ್ದೆಯಲ್ಲಿ ನಿಂತವರ ಗದ್ದದ ಕೆಳಗೂ ಹಸಿರು ಏರುತ್ತದೆ! ಬೇವಿನ ಮರದ ಕೆಳಗೂ ಅಷ್ಟೆ. ಮುಖದ ಕೆಳಗಡೆ ಬಿಳಿ ಥರ್ಮೋಕೋಲ್ ಹಾಳೆ ಹಿಡಿದರೆ ಅರ್ಧ ತೊಂದರೆ ಕಳೆಯುತ್ತದೆ. ಕ್ಯಾಮೆರಾದ ಮೀಟರಿಗೆ ತಿಳಿದಿರುವುದು ನಡುಬೂದು ಬಣ್ಣ ಒಂದೇ. ಬಿಳಿ ಧೋತರ, ಬಿಳಿ ಅಂಗಿ, ಬಿಳಿ ರುಮಾಲು ಚೌಕಟ್ಟು ತುಂಬಿದರೆ ಬೆಳಕು ಹೆಚ್ಚಾಯಿತೆಂದು ತಿಳಿದು ಚಿತ್ರವನ್ನು ಕಪ್ಪು ಮಾಡುತ್ತದೆ, ರೈತನ ಮುಖ ಕತ್ತಲಾಗುತ್ತದೆ. ಎರಿಹೊಲ ತುಂಬಿದರೆ ಇದರ ತಿರುಗುಮುರುಗು. ಆದ್ದರಿಂದ ಬೆಳಕು ಅಳೆಯಬೇಕಾದದ್ದು ಮುಖದ ಮೇಲೆ.

ಒಂದಡಿ ದೂರದ ಸೆಲ್ಫಿಯಲ್ಲಿ ಮೂಗು ಐದಡಿ ದೂರದ ಚಿತ್ರಕ್ಕಿಂತ ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿದರು. ಫೋಟೊಗ್ರಾಫರ್ ಹಿಂದೆ ಹಿಂದೆ ಸರಿಯುವುದು ನಿಮ್ಮ ಮುಖದ ಒಳ್ಳೆಯದಕ್ಕೇ.

ಫಿಲ್ಮಿನ ಕಾಲದಲ್ಲಿ ಡಬಲ್ ಲೆನ್ಸಿನ ಯಾಶಿಕಾ ಕ್ಯಾಮೆರಾದ ಒಂದು 120 ಫಿಲ್ಮ್ ರೋಲಿಗೆ ಸಿಗುತ್ತಿದ್ದ ಚಿತ್ರ ಹನ್ನೆರಡೇ.

ಇನ್ನು ನನಗೆ ಬಹಳ ಮುಖ್ಯವೆನಿಸುವ ವಿಷಯ. ಹಿರಿಯರು ತೀರಿಕೊಂಡಾಗ ಗೋಡೆಗೆ ಹಾಕುವ ಚಿತ್ರ ಎಲ್ಲಿಂದ ಬರುತ್ತದೆ? ಯಾವುದೋ ಲಗ್ನದ ಗ್ರೂಪ್ ಫೋಟೊದಿಂದ ಮುಖ ಕತ್ತರಿಸಿ ದೊಡ್ಡದು ಮಾಡಿಸುತ್ತಾರೆ. ಮೂವತ್ತು ಮಂದಿಯ ಗ್ರೂಪಿನಲ್ಲಿ ಒಂದು ಮುಖಕ್ಕೆ 200 ಪಿಕ್ಸೆಲ್ ಸಿಕ್ಕರೂ, 300 ಡಿಪಿಐ ಲೆಕ್ಕದಲ್ಲಿ ಅದು ಮುಕ್ಕಾಲು ಇಂಚಿನಷ್ಟೂ ಅಚ್ಚಾಗದು. ಅದೇ ಲೆಕ್ಕದಲ್ಲಿ 12×18 ಇಂಚಿನ ಚಿತ್ರಕ್ಕೆ ಬೇಕಾದದ್ದು 3600×5400 ಪಿಕ್ಸೆಲ್, ಹತ್ತಿರಹತ್ತಿರ 20 ಮೆಗಾಪಿಕ್ಸೆಲ್. ಲಗ್ನಕ್ಕೆ ಬಂದ ಪ್ರತಿ ಅಜ್ಜ, ಅಜ್ಜಿಯನ್ನು ಬಾಗಿಲ ಬಳಿಯ ಬೆಳಕಿಗೆ ಕರೆತಂದು, ‘ಯವ್ವಾ, ಇಲ್ಲಿ ಕುಂದ್ರು’ ಎಂದು ಒಂದು ಚಿತ್ರ ತೆಗೆಯಲು ಎರಡು ನಿಮಿಷ ಸಾಕು. ಆರ್ಡರ್ ಕೊಡುವಾಗಲೇ ಮನೆಯವರು ಇದನ್ನು ಕೇಳಬೇಕು. ಕೇಳದಿದ್ದರೂ ಫೋಟೊದವರು ತೆಗೆಯಬೇಕು.

250 ಗ್ರಾಂ ಮೀರಿದ ಡ್ರೋನನ್ನು ದುಡಿಮೆಗಾಗಿ ಹಾರಿಸುವವರಿಗೆ 2021ರ ಡ್ರೋನ್ ನಿಯಮದ ಪ್ರಕಾರ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ಮೊದಲೇ ಅನುಮತಿ ಬೇಡದ ಹಸಿರು ವಲಯದಲ್ಲಿ ಎತ್ತರದ ಮಿತಿ 400 ಅಡಿ.

ದುಡ್ಡು ಕೊಟ್ಟು ತೆಗೆಸಿದ ಚಿತ್ರದ ಹಕ್ಕು ಯಾರದು? 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. 2012ರ ತಿದ್ದುಪಡಿಯ ನಂತರ ಆ ಹಕ್ಕು ಛಾಯಾಗ್ರಾಹಕರ ಜೀವಿತಾವಧಿ ಮುಗಿದು 60 ವರ್ಷದವರೆಗೆ ಉಳಿಯುತ್ತದೆ. ಹಾಗಾಗಿ ನಿಮ್ಮ ಮಗಳ ಚಿತ್ರವನ್ನು ಸ್ಟುಡಿಯೋ ಮುಂದೆ ಹಾಕುವ ಮೊದಲು ಫೋಟೊದವರು ನಿಮ್ಮನ್ನು ಕೇಳಬೇಕು. ಮುಂಗಡ ಕೊಡುವ ದಿನವೇ ಮೂಲ ಫೈಲುಗಳು ಕೈಗೆ ಸಿಗುತ್ತವೆಯೇ, ಸ್ಟುಡಿಯೋದ ಹಾರ್ಡ್ ಡಿಸ್ಕಿನಲ್ಲಿ ಎಷ್ಟು ಕಾಲ ಇರುತ್ತವೆ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.